ಪಕ್ಕೆಲುಬಿನ ಸಾಕ್ಷಿ

"ಮೇಡಂ, ಇನ್ನೂ ಒಳಗೆ ಸರೀಬೇಡಿ. ಸಿಕ್ಕಿಹಾಕ್ಕೊಂಡ್ರೆ ಬಾಗಿಲು ಕತ್ತರಿಸಿ ತೆಗೀಬೇಕಾಗತ್ತೆ. ಆಮೇಲೆ ಅದಕ್ಕೂ ನಾನೇ ಕಾರಣ ಅಂತಾರೆ."

ಬ್ರೆಡ್ ವ್ಯಾನಿನ ಡ್ರೈವರ್ ಆಡಿದ ಮಾತಿಗೆ ಅಳತೆಯಮ್ಮ ತಲೆಯಾಡಿಸಿದಳಷ್ಟೇ. ಉತ್ತರ ಕೊಡಲು ಉಸಿರಿರಲಿಲ್ಲ. ಗ್ಯಾರೇಜಿಗೆ ಎಳೆದು ತಂದಿದ್ದ ಜಜ್ಜಿಹೋದ ಕಾರಿನ ಡ್ರೈವರ್ ಸೀಟಿನಲ್ಲಿ ಅವಳು ಕೂತಿದ್ದಳು ಎನ್ನುವುದಕ್ಕಿಂತ ತುರುಕಿಕೊಂಡಿದ್ದಳು ಎನ್ನುವುದೇ ಸರಿ. ಮುಂದೆ ಸ್ಟೀರಿಂಗು ಹೊಟ್ಟೆಗೆ ಒತ್ತುತ್ತಿತ್ತು. ಬಲಗಡೆ ಬಾಗಿಲು ಒಂದು ಗೇಣು ಒಳಗೆ ಬಂದು, ಕೈ ಆನಿಸಲೆಂದು ಮಾಡಿದ ಆರ್ಮ್‌ರೆಸ್ಟು ಮುಷ್ಟಿಯ ಹಾಗೆ ಅವಳ ಪಕ್ಕೆಗೆ ತಿವಿಯುತ್ತಿತ್ತು.

ಅಳತೆಯಮ್ಮ ಎಂಬುದು ಅಡ್ಡಹೆಸರು. ವಿಮಾ ಕಂಪನಿಯ ಪರವಾಗಿ ಅಪಘಾತಗಳ ತನಿಖೆ ಮಾಡುವ ಅವಳ ಕೈಚೀಲದಲ್ಲಿ ದರ್ಜಿಯ ಟೇಪು ಸದಾ ಇರುತ್ತಿದ್ದುದರಿಂದ ಗ್ಯಾರೇಜಿನವರು ಹಾಗೆ ಕರೆದಿದ್ದರು. ಹಾಲು ಉಕ್ಕುವ ಮೊದಲೇ ಒಲೆ ಆರಿಸುವವರ ಪೈಕಿ ಅವಳು. ಗಾಡಿ ಹತ್ತಿ ಬೆಲ್ಟು ಹಾಕಿಕೊಂಡ ಮೇಲೂ, ಹಾಕಿಕೊಂಡೆನೇ ಎಂದು ಮತ್ತೊಮ್ಮೆ ಎಳೆದು ನೋಡುವವಳು.

"ಸೀಟು ಹಿಂದಕ್ಕೆ ಸರಿಯತ್ತಾ, ಒಂದು ಸಲ ಎಳೀರಿ" ಎಂದಳು.

ಅವನು ಎಳೆದ. ಸೀಟು ಮಿಸುಕಲಿಲ್ಲ. ಡಿಕ್ಕಿಯ ಏಟಿಗೆ ಸೀಟು ಜಾರುವ ಕಂಬಿಯೇ ಸೊಟ್ಟಗಾಗಿತ್ತು. ಅಂದರೆ ಏಟು ಬಿದ್ದಾಗ ಸೀಟು ಎಲ್ಲಿತ್ತೋ ಅಲ್ಲೇ ಇದೆ. ಇಷ್ಟು ಮುಂದೆ ಕೂತು ಕಾರು ಓಡಿಸಬೇಕಾದರೆ ಕುಳ್ಳಗಿನವರೇ ಆಗಬೇಕು. ಕಾರು ಓಡಿಸಿದ್ದು ನಾನೇ ಎಂದು ಹೇಳಿಕೆ ಕೊಟ್ಟವನಾದರೋ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವ ಆಳು.

"ನಾನು ಹೇಳಿದ್ದು ಎರಡೇ ಮಾತು ಮೇಡಂ" ಎಂದ ವ್ಯಾನಿನವನು. "ನನಗೆ ಹಸಿರು ದೀಪ ಬಿದ್ದಿತ್ತು. ಕಾರು ಓಡಿಸ್ತಿದ್ದಿದ್ದು ಹೆಂಗಸು. ಠಾಣೆಯಲ್ಲಿ ಎರಡೂ ಸುಳ್ಳು ಅಂದ್ರು."

ಇಡೀ ಪ್ರಕರಣ ನಿಂತಿದ್ದೇ ಅಲ್ಲಿ. ಕೆಲವು ದಿನಗಳ ಹಿಂದೆ ನಾಲ್ಕು ರಸ್ತೆ ಸೇರುವ ಕಡೆ ಅವನ ವ್ಯಾನು, ಮದುವೆ ಮೆರವಣಿಗೆಗೆ ವಾದ್ಯ ನುಡಿಸುವ ಬ್ಯಾಂಡಿನ ಮಾಸ್ಟರ ಈ ಕಾರಿನ ಬಲಬದಿಗೆ ಬಡಿದಿತ್ತು. ಮಾಸ್ಟರೂ ಅವರ ಬಾಮೈದನೂ ಒಂದೇ ಬಾಯಿಂದ, ಓಡಿಸಿದ್ದು ಬಾಮೈದ, ಪಕ್ಕದಲ್ಲಿ ಮಾಸ್ಟರು, ಹಸಿರು ನಮ್ಮದೇ ಎಂದಿದ್ದರು. ಹೆಂಗಸಿನ ವಿಷಯದಲ್ಲಿ ಸುಳ್ಳಾಡಿದವನು ದೀಪದ ವಿಷಯದಲ್ಲಿ ನಿಜ ಹೇಳುತ್ತಾನೆಯೇ ಎಂಬುದು ಪೊಲೀಸರ ವಾದ. ಇವತ್ತು ಸಂಜೆ ಸಂಚಾರ ಪೊಲೀಸ್ ಅಧಿಕಾರಿ ವ್ಯಾನಿನವನ ಲೈಸೆನ್ಸ್ ರದ್ದು ಮಾಡುವವರಿದ್ದರು. ಲೈಸೆನ್ಸ್ ಹೋದರೆ ಅವನ ಅನ್ನವೇ ಹೋದಂತೆ.

"ಹೆಂಗಸಿನ ಮುಖ ನೋಡಿದ್ರಾ?"

"ಒಂದು ಕ್ಷಣ. ಆಮೇಲೆ ಹಿಂದಿನ ಟ್ರೇಗಳೆಲ್ಲ ನನ್ನ ತಲೆ ಮೇಲೆ ಬಂದವು. ಬನ್ನುಗಳ ಕೆಳಗಿಂದ ಎದ್ದು ಬರೋ ಹೊತ್ತಿಗೆ ಸೀಟು ಖಾಲಿ." ಅವನು ನಕ್ಕ. "ಬನ್ನಿನ ಏಟಿಗೆ ಬಿದ್ದ ಗಂಡಸು ಅಂತ ನನ್ನ ಹೆಂಡತಿ ಬೀದಿಗೆಲ್ಲ ಹೇಳಿದ್ದಾಳೆ."

ಇನ್ನೇನೋ ಹೇಳಲು ಬಾಯಿ ತೆರೆದು, ಯಾಕೋ ಮುಚ್ಚಿಕೊಂಡ. ಅಳತೆಯಮ್ಮ ಅದನ್ನು ಗಮನಿಸಿದಳು. ಕೇಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಡಾಕ್ಟರಾಗಿರುವ ಅವಳ ಸ್ವಂತ ಅಕ್ಕ.

"ಏನೇ, ಇವತ್ತು ಯಾವ ಕಾರೊಳಗಿದ್ದೀಯ? ಊಟ ಆಯ್ತಾ?"

"ಆಮೇಲೆ ಮಾಡ್ತೀನಿ ಅಕ್ಕ. ಒಂದು ಮಾತು ಹೇಳು. ಪಕ್ಕದಿಂದ ಡಿಕ್ಕಿ. ಬಾಗಿಲು ಒಂದು ಗೇಣು ಒಳಗೆ ಬಂದಿದೆ. ವ್ಯಾನಿನ ಮೂತಿ ಎತ್ತರ, ಕಾರಿನ ಗಟ್ಟಿ ತಳ ಬಿಟ್ಟು ಎದೆ ಮಟ್ಟಕ್ಕೇ ಬಡಿದಿದೆ. ಬಾಗಿಲ ಕಡೆ ಏರ್‌ಬ್ಯಾಗ್ ಇಲ್ಲ. ಆ ಬಾಗಿಲಿಗೆ ಅಂಟಿಕೊಂಡು ಕೂತ ಐವತ್ತರ ಗಂಡಸಿಗೆ ಏನೂ ಆಗದೆ ಇರಬಹುದಾ?"

"ಹಾಗಾದ್ರೆ ಅವನೇನು ಕಬ್ಬಿಣದ ಬೀರುವಾ?" ಅಕ್ಕ ನಕ್ಕಳು. "ಎದುರಿನಿಂದ ಬಡಿದ್ರೆ ಮನುಷ್ಯನಿಗೂ ಏಟಿಗೂ ಮಧ್ಯೆ ಬಾನೆಟ್ಟು, ಎಂಜಿನ್ನು ಎಲ್ಲ ಇರತ್ತೆ. ಪಕ್ಕದಿಂದ ಬಡಿದ್ರೆ ಒಂದು ಬಾಗಿಲು, ನಾಲ್ಕು ಬೆರಳು ಗಾಳಿ, ಅಷ್ಟೇ. ಬಾಗಿಲೇ ಬಂದು ಎದೆಗೆ ಗುದ್ದತ್ತೆ. ಎಳೇ ವಯಸ್ಸಿನ ಪಕ್ಕೆಲುಬು ಹಸಿ ಬಿದಿರು, ಒಂದಿಷ್ಟು ಬಾಗತ್ತೆ. ವಯಸ್ಸಾದ್ರೆ ಒಣ ಕಡ್ಡಿ. ಐವತ್ತಕ್ಕೆ ಒಂದೆರಡಾದ್ರೂ ಮುರೀಲೇಬೇಕು. ಮುರಿದ ಮೇಲೆ ಕೆಮ್ಮೋಕಾಗಲ್ಲ, ನಗೋಕಾಗಲ್ಲ, ಎದೆ ತುಂಬ ಉಸಿರು ಎಳೆಯೋಕಂತೂ ಆಗೋದೇ ಇಲ್ಲ. ಈಗ ಹೇಳು, ಊಟಕ್ಕೆ ಏನು ತಂದಿದ್ದೀಯ?"

ಅಳತೆಯಮ್ಮ ಕಾರಿನಿಂದ ಹೊರಗೆ ಬರುತ್ತಿದ್ದಳು. ಎದೆ ತುಂಬ ಉಸಿರು ಎಂಬ ಮಾತು ಅವಳ ತಲೆಯಲ್ಲಿ ನಿಂತುಬಿಟ್ಟಿತ್ತು. ಬಾಮೈದ ಬ್ಯಾಂಡಿನಲ್ಲಿ ಊದುತ್ತಿದ್ದುದು ತುತ್ತೂರಿ.

*

ಬ್ಯಾಂಡ್ ಮಾಸ್ಟರ ಮನೆ ಚಪ್ಪಲಿ ಅಂಗಡಿಯ ಮೇಲಿತ್ತು. ಮುಂದಿನ ಕೋಣೆಯೇ ತಾಲೀಮಿನ ಕೋಣೆ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆ ವಾದ್ಯ. ಮೂಲೆಯಲ್ಲಿ ಮಕ್ಕಳ ತೊಟ್ಟಿಲಷ್ಟು ದೊಡ್ಡ ಡೋಲು, ಅದರ ಮೇಲೆ ಮಡಚಿಟ್ಟ ಒಗೆದ ಬಟ್ಟೆ.

"ಬನ್ನಿ ಬನ್ನಿ ಅಳತೆಯಮ್ಮ!" ಮಾಸ್ಟರು ಎದ್ದು ನಿಂತರು. ಎದ್ದರೂ ಹೊಟ್ಟೆ ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಉಳಿದಂತಿತ್ತು. "ಇವತ್ತು ಯಾರ ಅಳತೆ? ನನ್ನದಾದ್ರೆ ನಿಮ್ಮ ಟೇಪು ಸಾಲಲ್ಲ, ಮೊದಲೇ ಹೇಳಿದ್ದೀನಿ."

"ಭಾವನಿಗೆ ಟೇಪಲ್ಲ ಮೇಡಂ, ಸರಪಳಿ ಹಿಡಿದು ಜಮೀನು ಅಳೆಯೋರು ಬೇಕು" ಎಂದ ಬಾಮೈದ.

"ಅಕ್ಕನ್ನ ಕೊಟ್ಟ ಮನೆ ಅನ್ನ ತಿಂದು ಕೊಬ್ಬಿದೋನು, ನನ್ನ ಹೊಟ್ಟೆ ಆಡ್ಕೋತಾನೆ ನೋಡಿ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಿಟಕಿಯ ಹತ್ತಿರ ಆರಾಮ ಕುರ್ಚಿಯಲ್ಲಿ ಮಾಸ್ಟರ ಹೆಂಡತಿ ದಿಂಬೊಂದನ್ನು ಎರಡು ಕೈಯಿಂದ ಎದೆಗಪ್ಪಿ ಕೂತಿದ್ದರು. ಗುಬ್ಬಚ್ಚಿಯಂಥ ಪುಟ್ಟ ಹೆಂಗಸು. ಬ್ಯಾಂಡಿನವರು ತಾಳ ತಪ್ಪದಂತೆ ಮುಂದೆ ನಿಂತು ಕೈಯಾಡಿಸುವವರು ಅವರೇ ಆದ್ದರಿಂದ ಎಲ್ಲರ ಬಾಯಲ್ಲೂ ತಾಳಮ್ಮ. ಈ ಮನೆಗೆ ಎರಡು ಸಲ ಬಂದಿದ್ದರೂ ಅಳತೆಯಮ್ಮ ಅವರನ್ನು ನೋಡುತ್ತಿದ್ದುದು ಇದೇ ಮೊದಲು.

"ಹೇಗಿದೆ ನಿಮ್ಮ ನೋವು?" ಅವಳು ಬಾಮೈದನನ್ನು ಕೇಳಿದಳು.

ಅವನ ಕೈ ತಟ್ಟನೆ ಬಲ ಪಕ್ಕೆಗೆ ಹೋಯಿತು. "ಒಳಪೆಟ್ಟು ಮೇಡಂ. ಹೊರಗೆ ಕಾಣಲ್ಲ. ಒಳಗೆ ಸೂಜಿ ಚುಚ್ಚಿದ ಹಾಗೆ."

"ಪಾಪ. ಹಾಗಾದ್ರೆ ತುತ್ತೂರಿ ಮುಟ್ಟಿಲ್ಲ ಅನ್ನಿ."

"ಎಲ್ಲಿ ಮೇಡಂ!"

"ಅದಕ್ಕೇ ಇರಬೇಕು." ಅಳತೆಯಮ್ಮ ಟೇಪನ್ನು ಸುರುಳಿ ಸುತ್ತುತ್ತ ಹೇಳಿದಳು. "ಆಚೆ ಬೀದಿ ಬ್ಯಾಂಡಿನವರು ಮೆಟ್ಟಿಲ ಕೆಳಗೆ ಮಾತಾಡ್ಕೋತಿದ್ರು. ಇವರಿಗೆ ವಯಸ್ಸಾಯ್ತು, ಉಸಿರು ನಿಲ್ಲಲ್ಲ, ಉದ್ದ ಸ್ವರ ಬಂದ್ರೆ ಮಧ್ಯದಲ್ಲಿ ಕದ್ದು ಉಸಿರು ತಗೋತಾರೆ ಅಂತ."

ಇದು ಅಪ್ಪಟ ಸುಳ್ಳು. ಹೇಳಿದ ಮೇಲೆ ಅವಳ ಕಿವಿ ಬೆಚ್ಚಗಾದವು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಯಾರು? ಆ ಡಬ್ಬಾ ಬ್ಯಾಂಡಿನವರಾ?" ಬಾಮೈದ ಎದ್ದು ನಿಂತಿದ್ದ. "ನನಗೆ ಉಸಿರಿಲ್ಲವಂತಾ?"

"ಲೋ, ಕೂತ್ಕೊಳ್ಳೋ" ಎಂದರು ಮಾಸ್ಟರು.

ಊದಲಾರೆ ಎನ್ನಿಸಿಕೊಂಡು ಸುಮ್ಮನೆ ಕೂರುವ ತುತ್ತೂರಿಯವನು ಇನ್ನೂ ಹುಟ್ಟಬೇಕು. ಅವನು ಮೊಳೆಯಿಂದ ತುತ್ತೂರಿ ಕಿತ್ತುಕೊಂಡ. ಕಾಲು ಅಗಲಿಸಿದ. ಎದೆ ಅಂಗಿಯ ಗುಂಡಿ ಕಿತ್ತುಹೋಗುವಂತೆ ಉಬ್ಬಿತು. ಆಮೇಲೆ ಬಂದ ಸ್ವರಕ್ಕೆ ಕಿಟಕಿಯ ಗಾಜು ಗುಂಯ್ ಎಂದಿತು, ಡೋಲಿನ ಮೇಲಿನ ಬಟ್ಟೆ ಜಾರಿ ಬಿತ್ತು, ಕೆಳಗೆ ಚಪ್ಪಲಿ ಅಂಗಡಿಯವರು ಏನೋ ಕೂಗಿದರು. ಅಳತೆಯಮ್ಮ ಮನಸ್ಸಿನಲ್ಲೇ ಎಣಿಸತೊಡಗಿ, ಎಣಿಸುವುದನ್ನು ಮರೆತು ಬೆರಗಾಗಿ ನಿಂತಳು. ಸ್ವರ ಮುಗಿಯುವಂತೆಯೇ ಕಾಣಲಿಲ್ಲ.

ಮುಗಿದಾಗ ಅವನು ಗೆದ್ದವನ ಮುಖ ಮಾಡಿ ಬಾಯಿ ಒರೆಸಿಕೊಂಡ. "ಹೋಗಿ ಹೇಳಿ ಮೇಡಂ ಅವರಿಗೆ!"

"ಹೇಳ್ತೀನಿ. ಸಂಚಾರ ಅಧಿಕಾರಿಗೂ ಹೇಳ್ತೀನಿ." ಅಳತೆಯಮ್ಮನ ದನಿ ಮೆತ್ತಗಿತ್ತು. "ಆ ಬಾಗಿಲ ಪಕ್ಕದಲ್ಲಿ ಕೂತಿದ್ದವರು ಹೀಗೆ ಊದೋಕಾಗಲ್ಲ. ಕಾರು ಓಡಿಸಿದ್ದು ನೀವಲ್ಲ."

ಕೋಣೆಯಲ್ಲಿ ಹಿತ್ತಾಳೆಯ ಸದ್ದಿನ ಬಾಲ ಇನ್ನೂ ಸುಳಿದಾಡುತ್ತಿತ್ತು. ಬಾಮೈದ ಕೈಯಲ್ಲಿದ್ದ ತುತ್ತೂರಿಯನ್ನು ಅದೇ ಚಾಡಿ ಹೇಳಿತೋ ಎಂಬಂತೆ ನೋಡಿದ.

ಮಾಸ್ಟರು ತಲೆ ಚಚ್ಚಿಕೊಂಡರು. "ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯ್ತಲ್ಲೋ! ಚಿಕ್ಕಂದಿನಲ್ಲಿ ಇವನು ಕಣ್ಣಾಮುಚ್ಚಾಲೆ ಆಡುವಾಗ ಮಂಚದ ಕೆಳಗೆ ಬಚ್ಚಿಟ್ಟುಕೊಂಡು ಪೀಪಿ ಊದ್ತಿದ್ದ ಮೇಡಂ. ಹುಡುಕೋರಿಗೆ ಕಷ್ಟ ಆಗದೆ ಇರಲಿ ಅಂತ!"

ಸಿಕ್ಕಿಬಿದ್ದ ಬಾಮೈದನೂ ತಡೆಯಲಾರದೆ ನಕ್ಕ. ಅಳತೆಯಮ್ಮನೂ ನಕ್ಕಳು. ನಗುತ್ತಲೇ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ತಾಳಮ್ಮ ತುಟಿ ಬಿಗಿದು, ದಿಂಬನ್ನು ಇನ್ನಷ್ಟು ಒತ್ತಿಕೊಂಡು, ಹೊರಗೆ ನೋಡುತ್ತಿದ್ದರು. ಕಣ್ಣಂಚಿನಲ್ಲಿ ನಗು ತುಂಬಿ ತುಳುಕುತ್ತಿತ್ತು. ಎದೆಗೆ ಮಾತ್ರ ಅದು ಇಳಿಯಲು ಬಿಡುತ್ತಿರಲಿಲ್ಲ.

ಅವಳು ಹತ್ತಿರ ಹೋಗಿ ಕುರ್ಚಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

"ಅಮ್ಮ, ನೀವು ನಗಲಿಲ್ಲ."

"ಮದುವೆ ಆದಾಗಿನಿಂದ ಅದೇ ಜೋಕು ಕೇಳ್ತಿದ್ದೀನಮ್ಮ. ನಗು ಸವೆದುಹೋಗಿದೆ." ಮಾತು ತುಂಡು ತುಂಡಾಗಿ, ನಾಲ್ಕು ಪದಕ್ಕೊಂದು ಉಸಿರಿನಂತೆ ಬಂತು.

"ಆ ದಿಂಬು ಸ್ವಲ್ಪ ಕೊಡ್ತೀರಾ?"

"ಕೊಡಲ್ಲ."

"ಒಂದು ಸಲ ಕೆಮ್ಮಿ."

"ನೀನೇನು ಡಾಕ್ಟರಾ?"

"ಅಲ್ಲ. ನಮ್ಮಕ್ಕ ಡಾಕ್ಟರು. ಪಕ್ಕೆಲುಬು ಮುರಿದೋರು ನೋವಿಗೆ ಹೆದರಿ ಉಸಿರು ಚಿಕ್ಕದು ಮಾಡ್ತಾರೆ, ಆಮೇಲೆ ಶ್ವಾಸಕೋಶಕ್ಕೆ ಕಫ ಕಟ್ಟಿ ಜೀವಕ್ಕೇ ಕುತ್ತು ಬರತ್ತೆ ಅಂತ ಅವಳು ಹೇಳ್ತಿರ್ತಾಳೆ. ನನಗೆ ಮೊದಲೇ ಸಣ್ಣಪುಟ್ಟದ್ದಕ್ಕೆಲ್ಲ ಭಯ ಅಮ್ಮ. ನಿಮ್ಮನ್ನ ಹೀಗೆ ಬಿಟ್ಟುಹೋದ್ರೆ ನನಗೆ ಅನ್ನ ಇಳಿಯಲ್ಲ."

ತಾಳಮ್ಮ ಅವಳನ್ನೇ ನೋಡಿದರು. ಅವಳು ಮುಂದುವರಿಸಿದಳು.

"ಆ ವ್ಯಾನಿನವರ ಜೊತೆ ನೀವು ಮಾತಾಡಿಲ್ಲ. ತಮಾಷೆಯ ಮನುಷ್ಯ. ಇವತ್ತು ಸಂಜೆ ಅವರ ಲೈಸೆನ್ಸ್ ಹೋಗತ್ತೆ. ಓಡಿಸಿದ್ದು ಹೆಂಗಸು ಅಂತ ಅವರು ಹೇಳಿದ್ದು ಒಬ್ಬರೂ ನಂಬಲಿಲ್ಲ. ಕಾರಿನ ಸೀಟು ಪೂರ್ತಿ ಮುಂದಿದೆ. ಓಡಿಸಿದ್ದು ಕುಳ್ಳಗಿನ ಹೆಂಗಸು. ಹೇಳಿ ಅಮ್ಮ, ನೀವೇನಾ?"

ಮಾಸ್ಟರು ಮುಂದೆ ಬಂದರು. "ಲೇ, ನೀನು ಮಾತಾಡಬೇಡ."

"ನೀವು ಸುಮ್ಮನಿರಿ." ತಾಳಮ್ಮ ಒಂದು ಬೆರಳೆತ್ತಿದರು. ಇಡೀ ಬ್ಯಾಂಡನ್ನೇ ನಿಲ್ಲಿಸುವ ಬೆರಳು. ಮಾಸ್ಟರು ನಿಂತರು. "ಹೌದು. ನಾನೇ ಓಡಿಸಿದ್ದು. ಲೈಸೆನ್ಸ್ ಇಲ್ಲ. ದೀಪ ಕೆಂಪಿತ್ತು. ಆಯ್ತಾ?"

ಗಂಡಸರಿಬ್ಬರಿಗೂ ಗಾಬರಿಯಾಗಬೇಕಾಗಿತ್ತು. ಆದರೆ ಅವರ ಹೆಗಲು, ಹೊತ್ತ ಹೊರೆ ಇಳಿಸಿದಂತೆ, ಮೆಲ್ಲಗೆ ಕೆಳಗಿಳಿದವು. ಅಳತೆಯಮ್ಮ ಅದನ್ನು ಕಂಡಳು. ಕಂಡರೂ, ಗೆದ್ದ ಸಂತೋಷದಲ್ಲಿ, ಆಮೇಲೆ ನೋಡೋಣ ಎಂದು ಬದಿಗಿಟ್ಟಳು. ಜೀವಮಾನದಲ್ಲಿ ಅವಳು ಏನನ್ನಾದರೂ ಬದಿಗಿಟ್ಟಿದ್ದು ಅಪರೂಪ.

*

"ಇಷ್ಟು ದಿನ ಈ ನೋವು ನುಂಗ್ಕೊಂಡು ಕೂತಿದ್ರಾ? ಭೇಷ್ ಅಜ್ಜಿ!" ಡಾಕ್ಟರಕ್ಕ ತಾಳಮ್ಮನ ಬೆನ್ನು ಸವರಿ, ಆಸ್ಪತ್ರೆಯ ಮಂಚದ ಮೇಲೆ ಒರಗಿಸಿ ಕೂರಿಸಿದಳು. "ನೋವು ಕಡಿಮೆ ಆಗೋಕೆ ಸೂಜಿ ಕೊಟ್ಟಿದ್ದೀನಿ. ಇನ್ನು ಧೈರ್ಯವಾಗಿ ಉಸಿರಾಡಿ. ಗಂಡನ ಜೋಕಿಗೆ ನಗಬೇಡಿ, ಅಷ್ಟೇ ಪಥ್ಯ."

"ಅದು ಸುಲಭ" ಎಂದರು ತಾಳಮ್ಮ.

ಮಾಸ್ಟರೂ ಬಾಮೈದನೂ ಮಂಚದ ಪಕ್ಕದಲ್ಲಿ ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗರಂತೆ ನಿಂತಿದ್ದರು. ಅಳತೆಯಮ್ಮ ಸಂಚಾರ ಅಧಿಕಾರಿಗೆ ಫೋನು ಮಾಡಿಯಾಗಿತ್ತು. ರೋಗಿಯ ಹೇಳಿಕೆ ತೆಗೆದುಕೊಳ್ಳಲು ತಾವೇ ಬರುವುದಾಗಿ ಅವರು ಹೇಳಿದ್ದರು. ವ್ಯಾನಿನವನಿಗೂ ಸುದ್ದಿ ಹೋಗಿತ್ತು. "ಬರ್ತೀನಿ ಮೇಡಂ, ಎಲ್ಲರಿಗೂ ಬನ್ನು ತರ್ತೀನಿ" ಎಂದು ಅವನು ಫೋನಿನಲ್ಲೇ ಕುಣಿದಿದ್ದ.

ಡಾಕ್ಟರಕ್ಕ ತಂಗಿಯ ಕೈ ಹಿಡಿದು ಪಕ್ಕದ ಕೋಣೆಗೆ ಎಳೆದಳು. ಬೆಳಕಿನ ಹಲಗೆಯ ಮೇಲೆ ಎಕ್ಸ್‌ರೇ ಇತ್ತು.

"ವ್ಯಾನು ಬಡಿದಿದ್ದು ಯಾವ ಕಡೆ ಅಂದೆ?"

"ಬಲಗಡೆ. ಡ್ರೈವರ್ ಬಾಗಿಲಿಗೆ."

"ಅಜ್ಜಿಗೆ ಮೂರು ಪಕ್ಕೆಲುಬು ಮುರಿದಿದೆ. ಮೂರೂ ಎಡಗಡೆ. ಬಲಗಡೆ ಒಂದು ಗೀರಿಲ್ಲ."

ಅಳತೆಯಮ್ಮ ಚಿತ್ರದ ಹತ್ತಿರ ಮುಖ ಒಯ್ದಳು. "ಉಲ್ಟಾ ಇಟ್ಟಿರಬೇಕು ನೀನು."

"ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಕಣೇ, ನನಗೇ ಹೇಳಿಕೊಡ್ತೀಯ! ಕೈಯಿಂದ ಮುಟ್ಟಿಯೂ ನೋಡಿದೆ. ಎಡಗಡೆ."

"ಹಾಗಾದ್ರೆ ಪಕ್ಕದ ಸೀಟಿನಲ್ಲಿ ಕೂತಿದ್ರಾ?"

"ಅಲ್ಲೂ ಇದು ಹೊಂದಲ್ಲ. ಬಲಗಡೆಯಿಂದ ಏಟು ಬಿದ್ರೆ ಕಾರು ಎಡಕ್ಕೆ ಓಡತ್ತೆ, ಒಳಗಿರೋರ ಮೈ ಬಲಕ್ಕೆ ಬೀಳತ್ತೆ. ಯಾವ ಸೀಟಿನಲ್ಲಿದ್ರೂ ಮುಂದೆ ನೋಡ್ಕೊಂಡು ಕೂತೋರಿಗೆ ಬಲ ಪಕ್ಕೆಗೇ ಏಟು. ಎಡ ಪಕ್ಕೆ ಮುರೀಬೇಕಾದ್ರೆ..." ಡಾಕ್ಟರಕ್ಕ ಅಲ್ಲಿದ್ದ ಕುರ್ಚಿಯ ಮೇಲೆ ಹಿಂದುಮುಂದಾಗಿ ಮಂಡಿಯೂರಿ ಕೂತು, ಒರಗುವ ಹಲಗೆಯನ್ನು ತಬ್ಬಿಕೊಂಡಳು. "ಹೀಗೆ ಕೂತಿರಬೇಕು. ಬೆಲ್ಟಿಲ್ಲದೆ, ಹಿಂದಕ್ಕೆ ಮುಖ ಮಾಡಿ. ಆಗ ಡ್ರೈವರ್ ಸೀಟಿನ ಅಂಚು ಎಡ ಪಕ್ಕೆಗೆ ಬಡಿಯತ್ತೆ. ಆದ್ರೆ ಬುದ್ಧಿ ನೆಟ್ಟಗಿರೋ ಹೆಂಗಸು ಓಡೋ ಕಾರಿನಲ್ಲಿ ಹೀಗ್ಯಾಕೆ ಕೂರ್ತಾಳೆ?"

ಯಾಕೆಂದು ಅಳತೆಯಮ್ಮನಿಗೆ ಹೊಳೆಯಿತು. ಹಿಂದಿನ ಸೀಟಿನಲ್ಲಿ ಭಾವ, ಬಾಮೈದ, ಕೈಯಲ್ಲಿ ವಾದ್ಯ. ದಾರಿಯಲ್ಲೂ ತಾಲೀಮು. ಮುಂದಿನ ಎಡ ಸೀಟಿನಿಂದ ಹಿಂದಕ್ಕೆ ತಿರುಗಿ ತಾಳ ಹಾಕುತ್ತಿದ್ದ ತಾಳಮ್ಮ. ಈ ಮನೆಯವರಲ್ಲದೆ ಲೋಕದಲ್ಲಿ ಇನ್ಯಾರೂ ಮಾಡದ ಹುಚ್ಚು.

"ಹಾಗಾದ್ರೆ ಓಡಿಸಿದ್ದು ಯಾರು?" ಅವಳು ತನಗೆ ತಾನೇ ಕೇಳಿಕೊಂಡಳು.

"ಯಾರೋ ಗೊತ್ತಿಲ್ಲ. ಆ ಬಾಗಿಲ ಏಟು ತಿಂದೋಳು ಎಲ್ಲೋ ಮುರಿದ ಪಕ್ಕೆ ಇಟ್ಕೊಂಡು ಓಡಾಡ್ತಿದ್ದಾಳೆ. ಬೇಗ ಹುಡುಕು."

ಹೊರಗೆ ಬೂಟಿನ ಸದ್ದಾಯಿತು.

ಅಳತೆಯಮ್ಮ ವಾಪಸು ಬರುವಷ್ಟರಲ್ಲಿ ಸಂಚಾರ ಅಧಿಕಾರಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಸಮವಸ್ತ್ರ, ದಣಿದ ಮುಖ. "ನೋಡಿ ಅಮ್ಮ, ನೀವೇ ಓಡಿಸಿದ್ದು, ದೀಪ ಕೆಂಪಿತ್ತು ಅಂತ ಹೇಳಿಬಿಟ್ರೆ ಸಾಕು. ಆ ಡ್ರೈವರ್ ಮೇಲಿನ ಕ್ರಮ ಇಲ್ಲೇ ಕೈಬಿಡ್ತೀನಿ."

"ನಾನೇ" ಎಂದರು ತಾಳಮ್ಮ. "ದೀಪ ಕೆಂಪಿತ್ತು."

ಈಗ ತಾನು ಬಾಯಿಬಿಟ್ಟರೆ ಈ ಸುಳ್ಳು ಬೀಳುತ್ತದೆ ಎಂದು ಅಳತೆಯಮ್ಮನಿಗೆ ಗೊತ್ತಿತ್ತು. ಸುಳ್ಳು ಬಿದ್ದರೆ ಅದರ ಜೊತೆಗೆ ನಿಜ ಹೇಳಿದವನ ಅನ್ನವೂ ಬೀಳುತ್ತದೆ. ಒಂದು ನಿಮಿಷ ಸುಮ್ಮನಿದ್ದರೆ ಸಾಕು. ಅವಳು ಸುಮ್ಮನಿದ್ದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವ್ಯಾನಿನವನು ಒಳಗೆ ಬಂದ. ಎರಡು ಕೈಯಲ್ಲೂ ಬನ್ನಿನ ಪೊಟ್ಟಣ, ಮುಖದ ತುಂಬ ನಗು. ಮಂಚದ ಮೇಲಿದ್ದ ತಾಳಮ್ಮನನ್ನು ನೋಡಿದ. ನಗು ನಿಂತಲ್ಲೇ ನಿಂತಿತು.

"ಬಾರಯ್ಯ, ನಿನ್ನ ಅದೃಷ್ಟ ಚೆನ್ನಾಗಿದೆ" ಎಂದರು ಅಧಿಕಾರಿ. "ನೀನು ಹೇಳಿದ ಹೆಂಗಸು ಸಿಕ್ಕಿದ್ದಾರೆ. ಇವರೇ ತಾನೆ?"

ಹೌದು ಎನ್ನು, ಹೌದು ಎಂದುಬಿಡು ಎಂದು ಅಳತೆಯಮ್ಮ ಕಣ್ಣಿನಲ್ಲೇ ಅವನನ್ನು ಬೇಡಿಕೊಂಡಳು.

ಅವನು ಪೊಟ್ಟಣಗಳನ್ನು ಕಿಟಕಿಯ ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇವರಲ್ಲ ಸಾರ್."

"ಏನು?"

"ಇವರಲ್ಲ. ಆ ಹೆಂಗಸು ಚಿಕ್ಕ ಪ್ರಾಯದವರು. ಈ ಅಜ್ಜಿ ತಲೆ ಮೇಲೆ ಸುಳ್ಳು ಹೊರಿಸಿ ನನಗೆ ಲೈಸೆನ್ಸ್ ಬೇಡ."

ಮಾಸ್ಟರು ಕಣ್ಣು ಮುಚ್ಚಿಕೊಂಡರು. ತಾಳಮ್ಮನ ಕೈ ಬಾಮೈದನ ತೋಳನ್ನು ಬಿಗಿಯಾಗಿ ಹಿಡಿಯಿತು.

"ಇಷ್ಟು ದಿನ ವಯಸ್ಸು ಹೇಳಲಿಲ್ಲ, ಗುರುತು ಹೇಳಲಿಲ್ಲ!" ಅಧಿಕಾರಿಯ ದನಿ ಏರಿತು. "ಈಗ ಕಥೆ ಕಟ್ತಿದ್ದೀಯಾ? ಗುರುತು ಗೊತ್ತಿದ್ರೆ ಠಾಣೆಯಲ್ಲಿ ಯಾಕೆ ಹೇಳಲಿಲ್ಲ?"

"ಠಾಣೆಯಲ್ಲಿ ನಿಂತ್ಕೊಂಡು ಹೇಳೋ ಧೈರ್ಯ ಬರಲಿಲ್ಲ ಸಾರ್."

"ಯಾಕೆ?"

ವ್ಯಾನಿನವನು ಅಧಿಕಾರಿಯ ಹೆಗಲ ಮೇಲಿನ ಪಟ್ಟಿಯನ್ನು, ಎದೆಯ ಮೇಲಿನ ಬಿಲ್ಲೆಯನ್ನು, ತೊಡೆಯ ಮೇಲಿನ ಟೋಪಿಯನ್ನು ಒಂದೊಂದಾಗಿ ನೋಡಿದ.

"ಯಾಕಂದ್ರೆ ಸಾರ್, ಆಕೆ ಹಾಕ್ಕೊಂಡಿದ್ದಿದ್ದೂ ಇದೇ ಬಟ್ಟೆ."